‘ನಾವು’ ಮತ್ತು ‘ಅವರು’: ಸಾಮಾಜಿಕ ಅಸ್ಮಿತೆಯ ಅಳತೆ

ಪಂದ್ಯದಲ್ಲಿ ತನ್ನ ಕಾಲೇಜು ಗೆದ್ದಾಗ, ಚೆಂಡನ್ನು ಮುಟ್ಟಿಯೂ ನೋಡದ ವಿದ್ಯಾರ್ಥಿ ‘ನಾವು ಗೆದ್ದೆವು’ ಎಂದು ಹಿಗ್ಗುತ್ತಾನೆ. ‘ನಾನು ಇಂಥವರಲ್ಲೊಬ್ಬ’ ಎಂಬ ಈ ಭಾವನೆಯನ್ನು ಮನಶ್ಶಾಸ್ತ್ರಜ್ಞರು ಸಾಮಾಜಿಕ ಅಸ್ಮಿತೆ ಎನ್ನುತ್ತಾರೆ. ಉಷ್ಣತೆಯನ್ನು ಅಳೆಯಲು ಉಷ್ಣಮಾಪಕವುಂಟು. ಕಣ್ಣಿಗೆ ಕಾಣದ ಈ ಭಾವನೆಯನ್ನು ಅಳೆಯುವುದು ಹೇಗೆ?

ಪೈಪೋಟಿಯೇ ಕಾರಣವೆ?

ಪಂಗಡಗಳು ಕಾದಾಡುವುದು ಸ್ವಾರ್ಥಗಳ ಘರ್ಷಣೆಯಿಂದ ಎಂಬುದು ಒಂದು ವಾದ. ಮುಜಾಫರ್ ಶೆರಿಫ್ ಅವರು 1954ರಲ್ಲಿ ಅಮೆರಿಕದ ಓಕ್ಲಹೋಮ ಸಂಸ್ಥಾನದ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ತಂಡಗಳನ್ನಾಗಿ ಮಾಡಿ, ಬಹುಮಾನಗಳಿಗಾಗಿ ಸ್ಪರ್ಧೆಗೆ ಬಿಟ್ಟರು. ಬೇಗನೆ ಬೈಗುಳ, ದಾಳಿ, ಬಾವುಟ ಸುಡುವಿಕೆ ಆರಂಭವಾದವು. ಇಬ್ಬರೂ ಕೈಜೋಡಿಸದೆ ನೆರವೇರದ ಕೆಲಸಗಳನ್ನು ಒಡ್ಡಿದಾಗ ಹಗೆತನ ಇಳಿಯಿತು. ಆದರೆ ಪೈಪೋಟಿಯೇ ಇಲ್ಲದಿದ್ದರೆ ಪಕ್ಷಪಾತವೂ ಇರುವುದಿಲ್ಲವೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಹೆನ್ರಿ ತಾಜ್‌ಫೆಲ್. 1919ರಲ್ಲಿ ಪೋಲೆಂಡಿನ ಯೆಹೂದಿ ಮನೆತನದಲ್ಲಿ ಜನಿಸಿದ ಇವರು ಫ್ರಾನ್ಸಿನಲ್ಲಿ ಓದುತ್ತಿದ್ದು, ಯುದ್ಧದಲ್ಲಿ ಫ್ರೆಂಚ್ ಸೇನೆಯನ್ನು ಸೇರಿ, 1940ರಲ್ಲಿ ಜರ್ಮನರಿಗೆ ಸೆರೆಸಿಕ್ಕರು. ತಾವು ಪೋಲೆಂಡಿನವರೆಂಬುದನ್ನು ಮರೆಮಾಚಿದ್ದರಿಂದ ಬದುಕುಳಿದರು. ಹಿಂದಿರುಗಿದಾಗ ಬಂಧುಗಳಲ್ಲಿ ಬಹುಮಟ್ಟಿಗೆ ಯಾರೂ ಉಳಿದಿರಲಿಲ್ಲ. ಒಬ್ಬ ಮನುಷ್ಯನ ಗುಣಾವಗುಣಗಳನ್ನು ಯಾರೂ ವಿಚಾರಿಸದೆ, ಆತ ಯಾವ ವರ್ಗದವನೆಂಬ ಒಂದೇ ಮಾತು ಆತನ ಪ್ರಾಣವನ್ನು ನಿರ್ಧರಿಸಬಲ್ಲದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಸೊನ್ನೆಯಿಂದ ಆರಂಭ

ಭೌತವಿಜ್ಞಾನದ ಪ್ರಯೋಗದಲ್ಲಿ ಮೊದಲು ಮುಳ್ಳನ್ನು ಸೊನ್ನೆಗೆ ತಂದು, ಆಮೇಲೆ ಒಂದೊಂದೇ ಕಾರಣವನ್ನು ಸೇರಿಸುತ್ತೇವೆ. ತಾಜ್‌ಫೆಲ್ ಅವರ ಕ್ರಮವೂ ಅದೇ. ಹಳೆಯ ವೈರ, ಪರಸ್ಪರ ಪರಿಚಯ, ಸ್ವಂತ ಲಾಭ ಇವಾವುವೂ ಇಲ್ಲದ ಪಂಗಡಗಳನ್ನು ಅವರು ಕಲ್ಪಿಸಿದರು. 1970 ಮತ್ತು 1971ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಗೆ ‘ಕನಿಷ್ಠ ಪಂಗಡ’ದ ಪ್ರಯೋಗಗಳೆಂದು ಹೆಸರು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 64 ಬಾಲಕರಿಗೆ ಪರದೆಯ ಮೇಲೆ ಚುಕ್ಕೆಗಳನ್ನು ಕ್ಷಣಕಾಲ ತೋರಿಸಿ, ಎಷ್ಟಿವೆಯೆಂದು ಅಂದಾಜು ಕೇಳಲಾಯಿತು. ಹೆಚ್ಚು ಎಣಿಸಿದವರದೊಂದು ಪಂಗಡ, ಕಡಮೆ ಎಣಿಸಿದವರದೊಂದು ಪಂಗಡ ಎಂದು ಹೇಳಲಾಯಿತು. ಮುಂದಿನ ಪ್ರಯೋಗದಲ್ಲಿ 48 ಬಾಲಕರನ್ನು ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಚಿತ್ರಕಾರರಲ್ಲಿ ಯಾರನ್ನು ಮೆಚ್ಚಿದರೆಂಬ ನೆಪದಿಂದ ವಿಂಗಡಿಸಿದರು. ನಿಜದಲ್ಲಿ ವಿಂಗಡಣೆ ಯಾದೃಚ್ಛಿಕವಾಗಿತ್ತು. ಬಳಿಕ ಪ್ರತಿ ಬಾಲಕನೂ ಬೇರೆ ಇಬ್ಬರಿಗೆ ಹಣವಾಗಿ ಮಾರ್ಪಡುವ ಅಂಕಗಳನ್ನು ಹಂಚಬೇಕು. ಅವರ ಹೆಸರು ತಿಳಿಯದು. ಸಂಖ್ಯೆ ಮತ್ತು ಪಂಗಡ ಮಾತ್ರ ತಿಳಿಯುವುದು. ತನಗೆ ತಾನೇ ಅಂಕ ಕೊಟ್ಟುಕೊಳ್ಳುವಂತಿಲ್ಲ.

ಅಳತೆಯ ಚಾತುರ್ಯವಿರುವುದು ಹಂಚಿಕೆಯ ಪಟ್ಟಿಯಲ್ಲಿ. ಮೇಲಿನ ಅಂಕ ನಮ್ಮವನಿಗೆ, ಕೆಳಗಿನದು ಅನ್ಯಪಂಗಡದವನಿಗೆ. ಒಂದು ಜೋಡಿಯನ್ನು ಮಾತ್ರ ಆರಿಸಬೇಕು.

ನಮ್ಮವನಿಗೆ: 7, 8, 9, 10, 11, 12, 13, 14, 15, 16, 17, 18, 19
ಅನ್ಯನಿಗೆ: 1, 3, 5, 7, 9, 11, 13, 15, 17, 19, 21, 23, 25

ಬಲತುದಿಯ ಜೋಡಿಯಲ್ಲಿ ನಮ್ಮವನಿಗೂ ಗರಿಷ್ಠ ಲಾಭ, ಒಟ್ಟು ಮೊತ್ತವೂ ಗರಿಷ್ಠ. ಆದರೆ ಅನ್ಯನಿಗೆ ಇನ್ನೂ 6 ಹೆಚ್ಚು. ಎಡತುದಿಯಲ್ಲಿ ನಮ್ಮವನಿಗೆ ಕನಿಷ್ಠ ಲಾಭ, ಆದರೆ ಅನ್ಯನಿಗಿಂತ 6 ಹೆಚ್ಚು. ಮಧ್ಯದ್ದು ಸಮಪಾಲು. ಲಾಭವೇ ಗುರಿಯಾದರೆ ಆಯ್ಕೆ ಬಲಕ್ಕೆ ವಾಲಬೇಕು. ಬಾಲಕರ ಆಯ್ಕೆಯಾದರೋ ಎಡಕ್ಕೆ ವಾಲಿತು! ನ್ಯಾಯದ ಸೆಳೆತವೂ ಇದ್ದುದರಿಂದ ಅನೇಕರು ಪೂರ್ತಿ ತುದಿಗೆ ಹೋಗಲಿಲ್ಲ. 12–11ನ್ನು ಆರಿಸಿದವನು ಒಂದು ಅಂಕದ ಮೇಲುಗೈಗಾಗಿ ನಮ್ಮವನ 7 ಅಂಕಗಳನ್ನು ಬಿಟ್ಟುಕೊಟ್ಟಂತಾಯಿತು. ಸೊನ್ನೆಯಲ್ಲಿ ನಿಲ್ಲಬೇಕಾಗಿದ್ದ ಮುಳ್ಳು ಆಗಲೇ ಸರಿದಿತ್ತು. 1973ರಲ್ಲಿ, ನಾಣ್ಯ ಚಿಮ್ಮಿ ವಿಂಗಡಿಸಿದ್ದೇವೆಂದು ಸ್ಪಷ್ಟವಾಗಿ ಹೇಳಿದಾಗಲೂ ಪಕ್ಷಪಾತ ಅಳಿಯಲಿಲ್ಲ.

ಸಿದ್ಧಾಂತ ಮತ್ತು ಅದರ ಮಿತಿ

ತಾಜ್‌ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಇದಕ್ಕೆ ವಿವರಣೆಯಿತ್ತರು. ನಾವು ಜನರನ್ನು ವಿಂಗಡಿಸುತ್ತೇವೆ. ಒಂದು ವರ್ಗದೊಡನೆ ನಮ್ಮನ್ನು ಗುರುತಿಸಿಕೊಳ್ಳುತ್ತೇವೆ. ಅದನ್ನು ಇತರ ವರ್ಗಗಳೊಡನೆ ಹೋಲಿಸುತ್ತೇವೆ. ಪಂಗಡದ ಹಿರಿಮೆ ನಮ್ಮ ಆತ್ಮಗೌರವಕ್ಕೆ ಸೇರುವುದರಿಂದ ಹೋಲಿಕೆಯಲ್ಲಿ ಮೇಲಾಗಲು ಹಂಬಲಿಸುತ್ತೇವೆ.

ಪ್ರಯೋಗಾಲಯವೇ ಜಗತ್ತಲ್ಲ. ‘ನನ್ನ ಪಂಗಡದವರೂ ನನಗೆ ಹೀಗೆಯೇ ಕೊಟ್ಟಾರು’ ಎಂಬ ನಿರೀಕ್ಷೆಯೂ ಕಾರಣವಿರಬಹುದೆಂದು ಕೆಲವರ ವಾದ. ಬಹುಮಾನಕ್ಕೆ ಬದಲು ದಂಡನೆಯನ್ನು ಹಂಚಲು ಹೇಳಿದಾಗ ಪಕ್ಷಪಾತ ಬಹಳ ಕುಗ್ಗುವುದೂ ಕಂಡುಬಂದಿದೆ. ನಮ್ಮವರ ಮೇಲಣ ಒಲವು ಪರರ ಮೇಲಣ ದ್ವೇಷಕ್ಕೆ ಸಮವಲ್ಲ. ಆದುದರಿಂದಲೇ ಸಂಶೋಧಕರು ಪ್ರಶ್ನಾವಳಿ, ಸಂದರ್ಶನ, ಕ್ಷೇತ್ರವೀಕ್ಷಣೆಗಳನ್ನೂ ಬಳಸುತ್ತಾರೆ.

ಆದರೂ ಆ ಪಟ್ಟಿ ತಿಳಿಸಿದ ಸತ್ಯ ಚಿಕ್ಕದಲ್ಲ. ಪಕ್ಷಪಾತ ಮೊಳೆಯಲು ಹಳೆಯ ದ್ವೇಷ ಬೇಕಿಲ್ಲ, ನಡುವೆ ಎಳೆದ ಒಂದು ಗೆರೆ ಸಾಕು. ಇನ್ನೊಬ್ಬರಿಗೆ ಪಾಲು ಹಂಚುವಾಗ, ಮತ ನೀಡುವಾಗ, ತೀರ್ಪು ಹೇಳುವಾಗ, ಆ ಗೆರೆಯನ್ನು ಎಳೆದವರಾರು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಈಗಿನಿಂದಲೇ ಬೆಳೆಸಿಕೊಳ್ಳುವುದು ಒಳಿತು.