ಬಡ್ತಿಗೆ ಮೊದಲು ಹಣದ ಮಾತು

ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಲೆಕ್ಕಪತ್ರ ನೋಡಿಕೊಂಡವನಾಗಿ ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಎರಡು ಋತುಗಳ ಖರ್ಚು ಕೈಯಲ್ಲಿಲ್ಲದೆ ದೇಶಮಟ್ಟದ ಐ-ಲೀಗ್‌ಗೆ ಕಾಲಿಡಬೇಡಿ. ಗೆದ್ದ ತಂಡಕ್ಕೆ ಈ ಮಾತು ಕಹಿಯಾಗಿ ಕೇಳುತ್ತದೆ, ಗೊತ್ತು. ಆದರೆ 2023-24ರಲ್ಲಿ ಅದರ ಕೆಳಗಿನ ಐ-ಲೀಗ್ 2 ಗೆದ್ದ ನಮ್ಮದೇ ಊರಿನ ಎಸ್‌ಸಿ ಬೆಂಗಳೂರು, ಮರುವರ್ಷವೇ ಹಿಂಬಡ್ತಿ ಪಡೆಯಿತು. ಆಟಗಾರರಿಗೆ ಕಾಲ್ಚಳಕವಿಲ್ಲದೆ ಹೀಗಾಯಿತು ಎನ್ನುವುದು ಅನ್ಯಾಯ; ಖರ್ಚಿನ ಅಂತರ ನೋಡಿ. ರಾಜ್ಯದ ಲೀಗ್‌ನಲ್ಲಿ ಬಹುತೇಕ ಪಂದ್ಯಗಳು ಬೆಂಗಳೂರಿನ ಅಶೋಕನಗರದ ಕ್ರೀಡಾಂಗಣದಲ್ಲೇ ಮುಗಿಯುತ್ತವೆ. ಬಸ್ಸು ಹತ್ತಿ ಹೋಗಿ ಆಡಿ ಬಂದರಾಯಿತು. 2024-25ರ ಹನ್ನೆರಡು ತಂಡಗಳ ಐ-ಲೀಗ್‌ನಲ್ಲಿ ಹನ್ನೊಂದು ಪಂದ್ಯಗಳನ್ನು ಪರವೂರುಗಳಲ್ಲಿ ಆಡಬೇಕಿತ್ತು, ಅವುಗಳಲ್ಲಿ ಶ್ರೀನಗರ, ಶಿಲ್ಲಾಂಗ್, ಐಜ್ವಾಲ್ ಸೇರಿದ್ದವು. ವಿಮಾನ ಟಿಕೆಟ್, ಹೋಟೆಲ್ ಬಾಡಿಗೆಯ ಜೊತೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕ್ಲಬ್ ಲೈಸೆನ್ಸಿಂಗ್ ಬೇರೆ: ಕಿರಿಯರ ತಂಡ, ಮೈದಾನದ ಒಪ್ಪಂದ, ಅರ್ಹ ಕೋಚ್, ಆಡಿಟ್ ಆದ ಲೆಕ್ಕ. ಇವು ಬೇಕಾದ ನಿಯಮಗಳೇ. ಆದರೆ ನಿಯಮ ಬರೆಯುವವರು ಖರ್ಚಿನ ಅಂದಾಜನ್ನು ಕ್ಲಬ್ಬುಗಳ ಮುಂದೆ ಮೊದಲೇ ಇಡುವುದಿಲ್ಲ. ಬಡ್ತಿಯ ಸಂಭ್ರಮದಲ್ಲಿ ಯಾರೂ ಕೇಳುವುದೂ ಇಲ್ಲ. ಈ ಮೌನಕ್ಕೆ ಅಧಿಕಾರಿಗಳನ್ನೇ ದೂರಬೇಕು.

ಮೇಲೆ ಹೋದರೆ ಪ್ರಾಯೋಜಕರು ತಾವಾಗಿ ಬರುತ್ತಾರೆ ಎಂಬುದು ಎಲ್ಲ ಕಮಿಟಿಗಳಲ್ಲೂ ಕೇಳುವ ವಾದ. ತಾರೀಖುಗಳನ್ನು ನೋಡಿ. ಕೆಳಗಿನ ಲೀಗ್ ಮುಗಿಯುವ ಹೊತ್ತಿಗೆ ಬೇಸಿಗೆ. ಕಂಪನಿಗಳ ವರ್ಷದ ಬಜೆಟ್ ಏಪ್ರಿಲ್‌ಗೆ ಮೊದಲೇ ಗಟ್ಟಿಯಾಗಿರುತ್ತದೆ. 2024ರಲ್ಲಿ ಐ-ಲೀಗ್ ನವೆಂಬರ್‌ನಲ್ಲೇ ಶುರುವಾಯಿತು. ನಡುವಿನ ಆರೇಳು ತಿಂಗಳಲ್ಲಿ ಪರವಾನಗಿ ಕಾಗದ, ಆಟಗಾರರ ಒಪ್ಪಂದ, ಹಣ ಮೂರೂ ಒಟ್ಟಿಗೆ ಆಗಬೇಕು. ಹಣ ಬರುವ ಮುನ್ನವೇ ಸಹಿಗಳು ಬೀಳುತ್ತವೆ, ಆಮೇಲೆ ಸಂಬಳ ತಡವಾಗುತ್ತದೆ. ಮೈದಾನದಲ್ಲಿ ಗೆದ್ದರೂ ಉಳಿಯುವ ಖಾತ್ರಿಯಿಲ್ಲ: ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಬಡ್ತಿ ಪಡೆದು 2014-15ರ ಐ-ಲೀಗ್‌ನಲ್ಲಿ ಮೂರನೇ ಸ್ಥಾನ ಗಳಿಸಿತು, ಆಮೇಲೆ ಲೀಗ್‌ನಿಂದಲೇ ಹಿಂದೆ ಸರಿಯಿತು. ಅದೇ ಋತುವಿನಲ್ಲಿ ಪುಣೆಯಿಂದ ನೇರ ಪ್ರವೇಶ ಪಡೆದಿದ್ದ ಭಾರತ್ ಎಫ್‌ಸಿ ಒಂದೇ ವರ್ಷಕ್ಕೆ ಮುಚ್ಚಿತು. ಎರಡನೇ ವರ್ಷದ ಹಣವನ್ನೂ ಮೊದಲೇ ಎತ್ತಿಡಿ ಎನ್ನುವುದು ಇದಕ್ಕೇ.

ಹಾಗಾದರೆ ಐಜ್ವಾಲ್ ಎಫ್‌ಸಿ ಐ-ಲೀಗ್ ಅನ್ನು ಹೇಗೆ ಗೆದ್ದಿತು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಮೊದಲ ಋತುವಿನಲ್ಲೇ ಹಿಂಬಡ್ತಿಗೆ ಬಿದ್ದ ಆ ತಂಡ, ಗೋವಾದ ಕ್ಲಬ್ಬುಗಳು ಹಿಂದೆ ಸರಿದ ಮೇಲೆ ಮತ್ತೆ ಸೇರ್ಪಡೆಯಾಗಿ, 2016-17ರಲ್ಲಿ ಚಾಂಪಿಯನ್ ಆಯಿತು. ಆದರೆ ಅದರ ಹಿಂದೆ 2012ರಲ್ಲೇ ಶುರುವಾದ ಮಿಜೋರಾಂ ಪ್ರೀಮಿಯರ್ ಲೀಗ್ ಇತ್ತು, ಅದನ್ನು ಮನೆಮನೆಗೆ ತಲುಪಿಸುತ್ತಿದ್ದ ಸ್ಥಳೀಯ ಕೇಬಲ್ ವಾಹಿನಿ ಇತ್ತು, ಗ್ಯಾಲರಿ ತುಂಬುವ ಜನ ಇದ್ದರು, ತಮ್ಮ ನೆಲದಲ್ಲೇ ಬೆಳೆದ ಹುಡುಗರಿದ್ದರು. ಬೇರು ಇಳಿದ ಮೇಲೆ ಬಂದ ಹಣ್ಣು ಅದು. ಮೇಲಿನ ಲೀಗ್‌ನಲ್ಲಿ ಜಾಗ ಸಿಕ್ಕಾಗ ಬಿಟ್ಟರೆ ಮತ್ತೆ ಸಿಗದು ಎಂಬ ಭಯ ನಿಜವೇ. ಆದರೆ ಬಾಕಿ ಸಂಬಳದ ಹೊರೆಯಲ್ಲಿ ಮುಚ್ಚಿದ ಕ್ಲಬ್ಬಿಗೆ ಕೆಳಗಿನ ಲೀಗೂ ಇರುವುದಿಲ್ಲ, ಅದರ ಕಿರಿಯರಿಗೆ ಮೈದಾನವೂ ಇರುವುದಿಲ್ಲ.

ಆದ್ದರಿಂದ ಕೆಳಗಿನ ಲೀಗ್ ಮುಗಿಯುವ ಮೊದಲೇ ಕಮಿಟಿ ಕೂರಲಿ. ಮೈದಾನದ ಕರಾರು ಬರಹದಲ್ಲಿದೆಯೇ, ಪ್ರಯಾಣದ ಹಣ ಬ್ಯಾಂಕಿನಲ್ಲಿದೆಯೇ ಎಂದು ನೋಡಲಿ. ಇಲ್ಲವಾದರೆ ಬಡ್ತಿಯನ್ನು ನಿರಾಕರಿಸಿ, ಆ ವರ್ಷ ಹದಿನೈದು ವರ್ಷದೊಳಗಿನ ಮಕ್ಕಳ ತಂಡವನ್ನು ಗಟ್ಟಿ ಮಾಡಲಿ.