ಹತ್ತರಗಿಯ ಹಳೇ ಜೀಪು, ನಮ್ಮ ಟಾಯರ್ ಲೆಕ್ಕ

ಕಳೆದ ದೀಪಾವಳಿ ರಜೆಗೆ ನಾವು ನಾಲ್ಕು ಮಂದಿ ಮೆಕ್ಯಾನಿಕಲ್‌ನವರು ಗೆಳೆಯನ ಊರು ಹತ್ತರಗಿಗೆ ಹೋಗಿದ್ವಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆ ಆ ಊರು ಟೋಲ್ ನಾಕಾದಿಂದಲೇ ಗೊತ್ತು. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದರೆ ಎರಡೂ ಕಡೆ ಕಬ್ಬು, ಮಳೆ ಬಿದ್ದ ಮರುದಿನ ಬರೀ ರಾಡಿ. ಅಲ್ಲಿಗೆ ಹೋಗಿಬರೋದಕ್ಕೆ ಗೆಳೆಯನ ಕಾಕಾ ನಂಬಿರೋದು ತಮ್ಮ ಹಳೇ ಮಹೀಂದ್ರಾ ಫೋರ್ ವೀಲ್ ಡ್ರೈವ್ ಜೀಪನ್ನು.

ಹಿಂದಿನ ಟಾಯರ್ ಎರಡೂ ಸವೆದಿದ್ದವು. "ದೊಡ್ಡ ಸೈಜು ಹಾಕೋಣ ಕಾಕಾ, ಹಿಡಿತ ಚಲೋ ಸಿಗ್ತದ" ಅಂದವರು ನಾವೇ. ಮುಂದೆ 215/75 R15 ಇತ್ತು, ಇನ್ನೂ ಚೆನ್ನಾಗಿತ್ತು, ಹಾಗೇ ಬಿಟ್ವಿ. ಹಿಂದೆ 235/75 R15 ಹಾಕಿಸಿದ್ವಿ. ನೋಡೋಕೆ ಜೀಪು ಭಾರೀ ಗತ್ತಿನಿಂದ ನಿಂತಿತ್ತು.

ಮರುದಿನ ಫೋರ್ ವೀಲ್ ಹಾಕಿಕೊಂಡು ಹೊಲಕ್ಕೆ ಹೋದ್ವಿ, ರಾಡಿಯಲ್ಲಿ ಏನೂ ತೊಂದರೆ ಆಗಲಿಲ್ಲ. ವಾಪಸ್ ಬರುವಾಗ ಲೀವರ್ ತೆಗೆಯೋದು ಮರೆತು ಹಾಗೇ ಡಾಂಬರು ರಸ್ತೆಗೆ ಏರಿಸಿದ್ವಿ. ಸ್ವಲ್ಪ ದೂರದಲ್ಲೇ ಸ್ಟೇರಿಂಗ್ ಬಿಗಿಯಾಯ್ತು, ತಿರುವಿನಲ್ಲಿ ಟಾಯರ್ ಕಿರುಚಿತು. ಲೀವರ್ ಎಳೆದರೆ ಅಲುಗಾಡಲಿಲ್ಲ. ಒಳಗೆ ಏನಾದರೂ ಮುರಿದರೆ ಕಬ್ಬಿನ ಹಂಗಾಮು ಮುಗಿಯೋ ತನಕ ಜೀಪು ಮೂಲೆಗೆ. ನಮ್ಮ ಕೈಕಾಲು ತಣ್ಣಗಾದವು. ಕಾಕಾ ಬಂದು, "ಜೋರ ಮಾಡಬ್ಯಾಡ್ರಿ, ಹಿಂದಕ ತಗೋರಿ" ಅಂದರು. ಹತ್ತು ಹೆಜ್ಜೆ ರಿವರ್ಸ್ ಹೋಗುತ್ತಿದ್ದಂಗೆ ಲೀವರ್ ಬೆಣ್ಣೆಯಂಗೆ ಬಂತು.

ರಾತ್ರಿ ಊಟವಾದ ಮೇಲೆ ಕೂತು ಲೆಕ್ಕ ಹಾಕಿದ್ವಿ. ಈ ತರಹದ ಜೀಪಿನ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಡಿಫರೆನ್ಶಿಯಲ್ ಇಲ್ಲ. ಲೀವರ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಟಾಯರ್ ಮೇಲಿನ ಸಂಖ್ಯೆಯಿಂದಲೇ ವ್ಯಾಸ ಸಿಗುತ್ತದೆ. 215ರ 75 ಶೇಕಡಾ ಅಂದರೆ ಸುಮಾರು 161 ಮಿ.ಮೀ. ಅದು ಮೇಲೊಮ್ಮೆ ಕೆಳಗೊಮ್ಮೆ, ಜೊತೆಗೆ 15 ಇಂಚಿನ ರಿಮ್ 381 ಮಿ.ಮೀ., ಒಟ್ಟು 703.5. ದೊಡ್ಡದಕ್ಕೆ 733.5. ಒಂದು ಕಿಲೋಮೀಟರಿಗೆ ಮುಂದಿನ ಗಾಲಿ ಸುಮಾರು 452 ಸುತ್ತು ತಿರುಗಬೇಕು, ಹಿಂದಿನದು 434. ಈ 18 ಸುತ್ತಿನ ವ್ಯತ್ಯಾಸವನ್ನು ಆಕ್ಸಲ್ ರೇಶಿಯೋದಿಂದ ಗುಣಿಸಿ. ರೇಶಿಯೋ ಐದರ ಹತ್ತಿರ ಇದ್ದರೆ ಶಾಫ್ಟ್‌ನಲ್ಲಿ 90 ಸುತ್ತು! ರಾಡಿಯಲ್ಲಿ ಗಾಲಿ ಜಾರಿ ಅದು ಕಳೆದುಹೋಗುತ್ತದೆ. ಡಾಂಬರಿನಲ್ಲಿ ಸುಲಭಕ್ಕೆ ಜಾರೋದಿಲ್ಲ, ಶಾಫ್ಟು ಹಗ್ಗದಂತೆ ಹೊಸೆದುಕೊಳ್ಳುತ್ತದೆ. ರಿವರ್ಸ್ ಹೋದಾಗ ಆ ಹೊಸೆತ ಬಿಚ್ಚಿತು, ಲೀವರ್ ಬಂತು. ನಾಲ್ಕೂ ಟಾಯರ್ ಒಂದೇ ಸೈಜು ಇದ್ದರೂ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು, ಯಾಕಂದ್ರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಓಡುತ್ತವೆ.

ಹೊಸ ಟಾಯರ್ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹಳೇ ಸೈಜಿನ ಜೋಡಿಗೆ ನಮ್ಮ ನಾಲ್ವರ ಪಾಕೆಟ್ ಮನಿ ಹೋಯ್ತು.

ಉಳಿದ ಮೂರು ದಿನ ಅಪ್‌ಗ್ರೇಡ್ ಮಾತೆತ್ತದೆ ಪಾನಾ ಹಿಡಿದ್ವಿ. ಮುಂದಿನ ಆಕ್ಸಲ್‌ನ ಆಯಿಲ್ ಇಳಿಸಿದರೆ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂದರೆ ಒಳಗೆ ನೀರು. ಆಕ್ಸಲ್ ಮೇಲಿನ ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿತ್ತು. ಓಡಿ ಓಡಿ 60 ಡಿಗ್ರಿಗೆ ಕಾದ ಆಕ್ಸಲ್ ಹಳ್ಳಕ್ಕೆ ಇಳಿದು 25 ಡಿಗ್ರಿಗೆ ತಣಿದರೆ ಒಳಗಿನ ಗಾಳಿಯ ಒತ್ತಡ ಹತ್ತು ಶೇಕಡಾದಷ್ಟು ಇಳಿಯುತ್ತದೆ. ಅದು ಒಂದು ಮೀಟರ್ ನೀರಿನ ಒತ್ತಡಕ್ಕೆ ಸಮ. ಬ್ರೀದರ್ ಬಂದಾಗಿದ್ದರೆ ಆಯಿಲ್ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ತೊಳೆದು, ಅದಕ್ಕೊಂದು ರಬ್ಬರ್ ಪೈಪ್ ಜೋಡಿಸಿ ಬಾನೆಟ್ ಎತ್ತರಕ್ಕೆ ಕಟ್ಟಿದ್ವಿ. ಆ ರಜೆಯಲ್ಲಿ ನಾವು ಮಾಡಿದ ಒಂದೇ ಒಳ್ಳೇ ಅಪ್‌ಗ್ರೇಡ್ ಅದು, ಖರ್ಚು ಮೊಳ ಪೈಪಿನದು. ಆಮೇಲೆ ಹೊಸ ಗೇರ್ ಆಯಿಲ್, ಕ್ರಾಸ್‌ಗಳಿಗೆ ಮತ್ತು ಪಾಟಾ ಶ್ಯಾಕಲ್‌ಗಳಿಗೆ ಗ್ರೀಸು.

ಜ್ಯಾಕ್ ಹಾಕೋ ಮುನ್ನ ಒಂದು ಮಾತು. ವಿಲ್ಲಿಸ್ ಮಾದರಿಯ ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಗಾಲಿಯನ್ನಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಶಾಫ್ಟನ್ನು. ಹಿಂದಿನ ಒಂದು ಗಾಲಿ ಎತ್ತಿದಿರೋ, ಡಿಫರೆನ್ಶಿಯಲ್ ಆ ಗಾಲಿಯನ್ನು ಉಲ್ಟಾ ತಿರುಗಿಸಿ ಜೀಪು ಉರುಳೋಕೆ ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಅಷ್ಟೇ! ಬೇರೆ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಸ್ಟ್ಯಾಂಡ್ ಇಲ್ಲದೆ ಕೆಳಗೆ ನುಸುಳಬೇಡಿ.

ಎಂಜಿನ್ ಬದಲಿ, ಬಾಡಿ ಬದಲಿ ಅಂತ ಕನಸು ಕಾಣುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಓದಿಕೊಳ್ಳಿ. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ಆರ್‌ಟಿಓ ಮುಂದೆ ನಿಲ್ಲಿಸೋದು ಇದ್ದೇ ಇದೆ.

ಸಂಕ್ರಾಂತಿಗೆ ಮತ್ತೆ ಹೊರಟಿದ್ದೀವಿ. ಬ್ರೇಕ್ ಡ್ರಮ್ ಬಿಚ್ಚಿ ತೊಳೆಯೋದು, ಬ್ರೇಕ್ ಆಯಿಲ್ ಬದಲಿಸೋದು ಬಾಕಿ ಇದೆ. "ಬರ್ರಿ, ಆದ್ರ ಟಾಯರ್ ಮುಟ್ಟಂಗಿಲ್ಲ" ಅಂತ ಕಾಕಾ ಫೋನಿನಲ್ಲೇ ಹೇಳ್ಯಾರ.