ದಪ್ಪ ಓರೆ ಅಕ್ಷರ: ರಾಜ್ಯೋತ್ಸವದ ಬ್ಯಾನರು, ಕಾರ್ಡು ಮಾಡಿಸುವವರ ಗಮನಕ್ಕೆ

ನವೆಂಬರ್ 1ಕ್ಕೆ ಕಾಚಿಗುಡದ ಸುತ್ತ ಬ್ಯಾನರು ಕಟ್ಟಿಸುವವರು, ಛತ್ತಾ ಬಜಾರಿನಲ್ಲಿ ಕಾರ್ಡು ಅಚ್ಚು ಹಾಕಿಸುವವರು ಇದನ್ನು ಓದಿ. ಡಿಟಿಪಿ ಮಾಡುವವರಿಗೂ ಓದಿ ಹೇಳಿ. ಹೈದರಾಬಾದಿನಲ್ಲಿ ಅವರಿಗೆ ಕನ್ನಡ ಬಾರದಿರಬಹುದು, ಜವಾಬ್ದಾರಿ ನಮ್ಮದು.

ಇಂಗ್ಲಿಷ್ ಅಕ್ಷರದ ಕಾಲಿಗೆ ಇಟ್ಟಿಗೆಯಂಥ ಪಾದ ಕೂರಿಸಿದ ಅಚ್ಚು ಸ್ಲ್ಯಾಬ್ ಸೆರಿಫ್. 1815ರ ಸುಮಾರಿಗೆ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಇದರ ಮಾದರಿ ತೋರಿಸಿದರು. ಗೋಡೆಯ ಜಾಹೀರಾತಿನಲ್ಲಿ ಇದು ಬೇಗ ಬೇರೂರಿತು. ಅದನ್ನು ದಪ್ಪಗೆ ಓರೆಯಾಗಿ ಬರೆದರೆ ಎದೆಯುಬ್ಬಿಸಿ ಮುನ್ನುಗ್ಗುವ ಗತ್ತು ಬರುತ್ತದೆ. ಓಡುವ ಬಸ್ಸಿನಿಂದಲೂ ಕಣ್ಣಿಗೆ ಬೀಳುವ ಅಕ್ಷರ ಅದು.

ಮಾಡಬೇಕಾದ್ದು

ಈ ದಪ್ಪ ಓರೆ ಸ್ಲ್ಯಾಬನ್ನು ಇಂಗ್ಲಿಷ್ ಶೀರ್ಷಿಕೆಗೆ ಮಾತ್ರ ಬಳಸಿ. ಒಂದು ಬ್ಯಾನರಿಗೆ ಒಂದೇ ಸಾಲು, ಮೂರು ನಾಲ್ಕು ಪದ, ಸುತ್ತ ಧಾರಾಳ ಖಾಲಿ ಜಾಗ. ಮೊಜಿಲ್ಲಾಗಾಗಿ ಮಾಡಿದ ಜಿಲ್ಲಾ ಸ್ಲ್ಯಾಬ್ ಫಾಂಟು ಉಚಿತವಾಗಿ ಸಿಗುತ್ತದೆ, ಅದರಲ್ಲಿ ಬೋಲ್ಡ್ ಇಟಾಲಿಕ್ ಇದೆ.

ಪಕ್ಕದ ಕನ್ನಡ ನೆಟ್ಟಗೇ ನಿಲ್ಲಲಿ. ನೋಟೊ ಸೆರಿಫ್ ಕನ್ನಡದ ಬ್ಲ್ಯಾಕ್ ಅಥವಾ ಬಾಲೂ ತಮ್ಮ ಫಾಂಟು ಸಾಕು. ಇಂಗ್ಲಿಷಿಗೆ ಪಾದದಲ್ಲಿರುವ ಅಡ್ಡಪಟ್ಟಿ ನಮಗೆ ತಲೆಕಟ್ಟಿನಲ್ಲೇ ಇದೆ. ತಲೆಕಟ್ಟು ಗಟ್ಟಿಯಾಗಿದ್ದರೆ ಎರಡು ಲಿಪಿಯೂ ಒಂದೇ ಮನೆಯವರಂತೆ ಕೂಡಿ ಬಾಳುತ್ತವೆ.

ಮಾಡಬಾರದ್ದು

ಕನ್ನಡದ ಮೇಲೆ ಇಟಾಲಿಕ್ ಗುಂಡಿ ಒತ್ತಲೇಬಾರದು. ಫಾಂಟಿನಲ್ಲಿ ಓರೆ ಅಕ್ಷರ ಇಲ್ಲದಿದ್ದರೆ ಸಾಫ್ಟ್‌ವೇರ್ ಇದ್ದುದನ್ನೇ ವಾಲಿಸುತ್ತದೆ. ತಲೆಕಟ್ಟು ಬಲಕ್ಕೆ ಜಾರುತ್ತದೆ, ಗೆರೆಯ ಕೆಳಗಿರುವ ಒತ್ತು ಎಡಕ್ಕೆ ಸರಿಯುತ್ತದೆ, ದುಂಡು ಅಕ್ಷರ ಸೊಟ್ಟ ಮೊಟ್ಟೆಯಾಗುತ್ತದೆ.

ಬೋಲ್ಡ್ ಇಲ್ಲದ ಫಾಂಟನ್ನು ಬಲವಂತವಾಗಿ ದಪ್ಪ ಮಾಡಬೇಡಿ. ಮಹಾಪ್ರಾಣದ ಹೊಟ್ಟೆ ಸೀಳು ಮೊದಲು ಮುಚ್ಚಿಹೋಗುತ್ತದೆ. ನಾನು ಮಾಡಿಸಿದ ಒಂದು ಕಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ‘ಧನಸಹಾಯ’ ಹೀಗೆ ‘ದನಸಹಾಯ’ವಾಯಿತು. ಹಿರಿಯರೊಬ್ಬರು ಏನೂ ಹೇಳದೆ ಜೇಬಿನ ಪೆನ್ನು ತೆಗೆದು, ತಮ್ಮ ಕಾರ್ಡಿನ ಆ ಅಕ್ಷರಕ್ಕೆ ಸಣ್ಣ ಗೆರೆ ಎಳೆದರು. ಉಳಿದ ಕಾರ್ಡು ಆಗಲೇ ಹಂಚಿಯಾಗಿತ್ತು. ಪ್ರೂಫ್ ನೋಡದೆ ಒಪ್ಪಿಗೆ ಕೊಟ್ಟವನು ನಾನೇ.

‘ಎರಡೂ ಒಂದೇ ಲಿಪಿ’ ಎಂದು ತೆಲುಗು ಫಾಂಟಿನಲ್ಲಿ ಕನ್ನಡ ಹೊಂದಿಸಲು ಬಿಡಬೇಡಿ. ತೆಲುಗಿನ ತಲೆಕಟ್ಟು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡಗೆರೆಯಾಗಿ ಬಂದು ತುದಿಯಲ್ಲಿ ಕೊಕ್ಕೆಯಾಗುತ್ತದೆ. ಎರಡೂ ಚೆಂದ, ಅದಲುಬದಲು ಮಾಡುವುದು ತಪ್ಪು.

ವಿಳಾಸ, ಫೋನ್ ನಂಬರು, ಅತಿಥಿಗಳ ಪಟ್ಟಿಗೆ ದಪ್ಪ ಓರೆ ಅಕ್ಷರ ಬೇಡ. ಶ್ರದ್ಧಾಂಜಲಿಗೆ ಅಂತೂ ಕೂಡದು, ಅಲ್ಲಿ ಕೂಗಬಾರದು.

ಅಚ್ಚಿಗೆ ಹೋಗುವ ಮುನ್ನ ಬ್ಯಾನರಿನ ಶೀರ್ಷಿಕೆಯನ್ನು ನಿಜವಾದ ಅಳತೆಯಲ್ಲಿ ಕಾಗದಕ್ಕೆ ತೆಗೆದು ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಧ, ಥ, ಭ, ಫ ಇವುಗಳ ಸೀಳು ಅಲ್ಲಿಂದ ಕಂಡರೆ ಮಾತ್ರ ಪ್ರೂಫಿಗೆ ಸಹಿ ಹಾಕಿ.